ಗೋಡೆ ಬಳಿದ ಸೋಮವಾರ

ಇನ್ಸ್‌ಪೆಕ್ಟರ ಬೂಟಿನ ಲೇಸು ಬಿಚ್ಚಿದೆ, ಎಡಗಾಲಿನದು, ಕಟಕಟೆಯ ಮೆಟ್ಟಿಲು ಹತ್ತುವಾಗ ಬಾಲದ ಹಾಗೆ ಹಿಂದಿನಿಂದ ಎಳೆದುಕೊಂಡು ಬರುತ್ತಿದೆ, ಹೇಳಬೇಕೋ ಬೇಡವೋ, ಎದುರುಪಕ್ಷದ ಸಾಕ್ಷಿಗೆ ಲೇಸು ಕಟ್ಟಿಕೊಳ್ಳಿ ಸರ್ ಅನ್ನಬಾರದು ಅಂತ ಯಾವ ಕಾನೂನೂ ಇಲ್ಲ, ಆದರೆ ಅನ್ನಲು ಹೋಗಿ ಮೊದಲಕ್ಷರದಲ್ಲೇ ಸಿಕ್ಕಿಕೊಂಡರೆ, ಲೇ, ಲೇ, ಲೇ — ತುಂಬಿದ ಕೋರ್ಟಿನಲ್ಲಿ ಇನ್ಸ್‌ಪೆಕ್ಟರಿಗೆ ಲೇ ಅಂದ ಮೊದಲ ವಕೀಲೆ ಅಂತ ಹೆಸರಾಗಿಬಿಟ್ಟೀತು, ಬೇಡಪ್ಪ ಬೇಡ, ಅವಳು ತುಟಿ ಬಿಗಿದು ಕೂತಳು, ಒಳಗೊಳಗೇ ನಗು ಬಂತು, ಈ ಹೊತ್ತಿನಲ್ಲಿ ನಗು ಬರಬಾರದು, ಆದರೂ ನಗು, ಇದೇನು ಹುಚ್ಚೋ. ಇನ್ಸ್‌ಪೆಕ್ಟರು ಬೀಳಲಿಲ್ಲ, ಕಟಕಟೆಯೊಳಗೆ ನಿಂತು ಬೆಲ್ಟು ಮೇಲೆಳೆದುಕೊಂಡು, ಟೋಪಿಯನ್ನು ಕಂಕುಳಿಗೆ ಸಿಕ್ಕಿಸಿ, ಸತ್ಯವನ್ನೇ ಹೇಳುತ್ತೇನೆ ಎಂದು ನಲ್ಲಿ ತಿರುಗಿಸಿದಷ್ಟು ಸಲೀಸಾಗಿ ಹೇಳಿದರು, ಎಷ್ಟು ಸರಾಗ, ಒಂದಕ್ಷರ ಎಡವಲಿಲ್ಲ, ಸುಳ್ಳು ಹೇಳುವವರಿಗೆ ದೇವರು ನಾಲಿಗೆಗೆ ಎಣ್ಣೆ ಹಚ್ಚಿ ಕಳಿಸುತ್ತಾನೋ ಏನೋ, ಅವಳ ಪಾಲಿಗೆ ಬಂದಾಗ ಡಬ್ಬಿ ಖಾಲಿಯಾಗಿರಬೇಕು. ಪಕ್ಕದ ಕುರ್ಚಿಯಲ್ಲಿ ಹಿರಿಯ ವಕೀಲರು ಕುತ್ತಿಗೆಗೆ ಮಫ್ಲರ್ ಸುತ್ತಿ, ಬಿಸಿನೀರಿನ ಫ್ಲಾಸ್ಕನ್ನು ಕೂಸಿನ ಹಾಗೆ ತಬ್ಬಿಕೊಂಡು ಕೂತಿದ್ದಾರೆ, ಇವರು ಬಾಯಿ ತೆರೆದರೆ ಮೂರು ಕೋಣೆ ಆಚೆಯ ಗುಮಾಸ್ತ ಎದ್ದು ನಿಲ್ಲುತ್ತಿದ್ದ, ಅಂಥ ಗಂಟಲು ಇವತ್ತೇ ಕಟ್ಟಬೇಕೇ, ಬೆಳಿಗ್ಗೆ ಆಫೀಸಿಗೆ ಬಂದವರು ಏನೋ ಹೇಳಲು ಹೋಗಿ ಬರೀ ಗಾಳಿ, ಪಂಕ್ಚರ್ ಆದ ಟೈರಿನ ಹಾಗೆ ಉಸ್ ಅಂದು, ಕಿವಿ ಹತ್ತಿರ ಬಂದು ಪಿಸುಗುಟ್ಟಿದ್ದು, ಇವತ್ತು ಪಾಟೀಸವಾಲು ನೀನೇ ಮಾಡು ಮಗೂ. ನಾ, ನಾ, ನಾನಾ? ನೀನೇ. ವಾ, ವಾಯಿದೆ ಕೇಳೋಣ ಸರ್. ಇಲ್ಲ ಮಗೂ, ಆ ಬಣ್ಣದವನ ಮುಖ ನೋಡು, ಇನ್ನೊಂದು ವಾಯಿದೆ ಅಂದ್ರೆ ಇಲ್ಲೇ ಕುಸೀತಾನೆ.

ಬಣ್ಣದವನ ಮುಖ ಅವಳು ನೋಡಿದ್ದಳು, ಈಗಲೂ ನೋಡುತ್ತಿದ್ದಾಳೆ, ಆರೋಪಿಯ ಕಟಕಟೆಯಲ್ಲಿ ಒಗೆದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದಾನೆ, ಉಗುರಿನ ಸಂದಿಯಲ್ಲಿ ಬಣ್ಣ ಇನ್ನೂ ಉಳಿದಿದೆ, ಎಷ್ಟು ಉಜ್ಜಿದರೂ ಹೋಗದ ಕಸುಬಿನ ಬಣ್ಣ, ಅದೇ ಅವನಿಗೆ ಮುಳುವಾದದ್ದು. ಮನೆಗಳಿಗೆ ಬಣ್ಣ ಹೊಡೆಯುವವನು, ಊರಿನ ಅರ್ಧ ಅಂಗಡಿಗಳ ಬೋರ್ಡು ಅವನ ಕೈಯವೇ, ಆ ಸೋಮವಾರ ಬೆಳಿಗ್ಗೆ ಯಾರದೋ ಅಡುಗೆಮನೆಗೆ ನೀಲಿ ಹೊಡೆಯುತ್ತಿದ್ದವನು ಚಹಾ ಕುಡಿಯಲು ಬೀದಿಗೆ ಬಂದ, ಅಷ್ಟೇ, ಅಂಗಿಯ ಮೇಲೆ ನೀಲಿ, ಕೈಯಲ್ಲಿ ನೀಲಿ, ಮೂಗಿನ ತುದಿಯಲ್ಲೂ ಒಂದು ಚುಕ್ಕೆ ನೀಲಿ, ಮತ್ತು ಅದೇ ಬೆಳಿಗ್ಗೆ ಪೊಲೀಸ್ ಠಾಣೆಯ ಹೊರಗೋಡೆಯ ಮೇಲೆ ಆಳೆತ್ತರದ ನೀಲಿ ಅಕ್ಷರ, ಒಳಗೆ ಹೊಡೀತಾರೆ. ಎರಡೇ ಪದ. ಯಾರು ಬರೆದರೋ ದೇವರಿಗೇ ಗೊತ್ತು, ಇಂದಿಗೂ ಯಾರಿಗೂ ಗೊತ್ತಿಲ್ಲ, ಜೀಪು ಬಂತು, ಅರ್ಧ ಕುಡಿದ ಚಹಾ ಅಲ್ಲೇ ಬಿಟ್ಟು ಹತ್ತಿದ. ನಾನ್ ಬರ್ದಿದ್ರೆ ಅಕ್ಷರ ಅಷ್ಟು ಸೊಟ್ಟಗಿರ್ತಿತ್ತಾ ಅಮ್ಮಾ, ಅಂತ ಅವನು ಮೊದಲ ಸಲ ಜೈಲಿನ ಕಂಬಿ ಹಿಡಿದು ಅವಳನ್ನು ಕೇಳಿದಾಗ ಅವನ ದನಿಯಲ್ಲಿ ಅಳುವಿಗಿಂತ ಅವಮಾನ ಹೆಚ್ಚಿತ್ತು, ಹೊಡೆದದ್ದಕ್ಕಿಂತ ಆ ಕೆಟ್ಟ ಕೈಬರಹ ತನ್ನದು ಅಂದದ್ದೇ ಹೆಚ್ಚು ನೋವಾದ ಹಾಗೆ. ಹೊಡೆದಿದ್ದರು. ಅಂಗಾಲಿಗೆ. ಒಪ್ಪಿಕೋ ಅಂತ. ಒಪ್ಪಲಿಲ್ಲ. ಆಮೇಲೆ ಯಾರಿಗೋ ಹೊಳೆಯಿತಂತೆ, ಮಂಗಳವಾರ ಬೆಳಿಗ್ಗೆ ದೊಡ್ಡ ಸಾಹೇಬರು ಠಾಣೆ ನೋಡಲು ಬರುವವರು, ಗೋಡೆ ಮೇಲೆ ಈ ಅಲಂಕಾರ ನೋಡಿದರೆ ಗತಿಯೇನು, ಬಳಿಯಲು ಜನ ಬೇಕು — ಜನ ಇದ್ದಾನಲ್ಲ ಒಳಗೇ, ಊದಿದ ಪಾದದವನನ್ನೇ ಏಣಿ ಹತ್ತಿಸಿದರು, ಕೈಗೆ ಕುಂಚ ಕೊಟ್ಟರು, ಸೋಮವಾರ ಸೂರ್ಯ ಮುಳುಗುವುದರೊಳಗೆ ಗೋಡೆ ಬೆಳ್ಳಗೆ, ಅವನು ಮತ್ತೆ ಒಳಗೆ. ಕಾಗದದಲ್ಲಿ ಮಾತ್ರ ಅವನನ್ನು ಹಿಡಿದದ್ದು ಬುಧವಾರ ಸಂಜೆ, ಅವನೇ ಮನೆಗೆ ಕರೆದುಕೊಂಡು ಹೋಗಿ ಮಂಚದ ಕೆಳಗಿನಿಂದ ನೀಲಿ ಬಣ್ಣದ ಡಬ್ಬಿ ತೆಗೆದುಕೊಟ್ಟನಂತೆ, ಎಷ್ಟು ಒಳ್ಳೆಯ ಆರೋಪಿ, ಕಾಫಿಯೊಂದು ಕೊಡಲಿಲ್ಲ ಅಷ್ಟೇ. ಹಿಡಿದವರನ್ನು ಒಂದು ದಿನದೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು, ಇದು ಕಾನೂನು, ಅದಕ್ಕೇ ಆ ಎರಡು ದಿನಗಳನ್ನು ನುಂಗಿಹಾಕಿದ್ದಾರೆ, ನುಂಗಿದ್ದನ್ನು ಕಕ್ಕಿಸುವುದು ಹೇಗೆ, ಬೀದಿಯ ಜನ ಎಲ್ಲ ನೋಡಿದ್ದಾರೆ, ಏಣಿಯ ಮೇಲೆ ಅವನು ಕುಂಟುತ್ತ ಬಳಿಯುವುದನ್ನು ಇಡೀ ಬೀದಿ ನೋಡಿದೆ, ಸಾಕ್ಷಿ ಹೇಳಿ ಅಂದರೆ ಚಹಾದವನು ಲೋಟ ತೊಳೆಯಲು ತಿರುಗುತ್ತಾನೆ, ಎದುರು ಮನೆಯಾಕೆ ಬಾಗಿಲು ಹಾಕಿಕೊಳ್ಳುತ್ತಾಳೆ, ತಪ್ಪು ಅನ್ನಲಾದೀತೇ, ನಾಳೆ ಅವರ ಅಂಗಿಗೂ ಏನಾದರೊಂದು ಬಣ್ಣ ಅಂಟೀತು.

ಸರ್ಕಾರಿ ವಕೀಲರು ಕೇಳುತ್ತಿದ್ದಾರೆ, ಇನ್ಸ್‌ಪೆಕ್ಟರು ಒಪ್ಪಿಸುತ್ತಿದ್ದಾರೆ, ಬುಧವಾರ ಖಚಿತ ಮಾಹಿತಿ ಬಂತು, ಬುಧವಾರ ದಸ್ತಗಿರಿ, ಬುಧವಾರ ಡಬ್ಬಿ, ಎಲ್ಲವೂ ಬುಧವಾರ, ಪಾಪ ಆ ವಾರದಲ್ಲಿ ಬೇರೆ ದಿನಗಳೇ ಇರಲಿಲ್ಲ, ಅವಳು ಕೇಳಿಸಿಕೊಳ್ಳುತ್ತಲೇ ಇದ್ದಾಳೆ ಆದರೆ ಕಿವಿಯ ಒಳಗಡೆ ಅಮ್ಮನ ದನಿ, ಯಾವತ್ತೂ ಹೀಗೆ, ಹೆದರಿಕೆಯಾದಾಗೆಲ್ಲ ಅಮ್ಮನ ದನಿ, ಪ್ರಯಾಣಿಕರ ಗಮನಕ್ಕೆ, ಎಂದು ಶುರುವಾಗುವ ಆ ದನಿ ಊರಿಗೆಲ್ಲ ಗೊತ್ತು, ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಯಾರ ಮಗು ಕಳೆದುಹೋಗಿದೆ, ಯಾರ ಕೊಡೆ ಸಿಕ್ಕಿದೆ, ದಿನವಿಡೀ ಹೇಳುವ ಅಮ್ಮ, ಅವಳ ಹೊಟ್ಟೆಯಲ್ಲಿ ಹುಟ್ಟಿದ್ದು ಉಗ್ಗಿ. ಶಾಲೆಯಲ್ಲಿ ಅದೇ ಹೆಸರು, ಉಗ್ಗಿ, ಹಾಜರಿ ಕೂಗಿದಾಗ ಬಂದೆ ಅನ್ನಲಾಗದೆ ಬ, ಬ, ಬ ಅನ್ನುವಷ್ಟರಲ್ಲಿ ಹಿಂದಿನ ಬೆಂಚು ಕುರಿಮಂದೆಯಾಗಿ ಬ್ಯಾ ಅನ್ನುತ್ತಿತ್ತು, ಅದನ್ನು ನೆನೆದರೆ ಈಗ ನಗು ಬರುತ್ತದೆ, ಆಗ ಬರುತ್ತಿರಲಿಲ್ಲ. ಅಣಕಿಸಿದವರ ಮೇಲೆ ಅವಳಿಗೆ ಅಷ್ಟು ಸಿಟ್ಟಿರಲಿಲ್ಲ ನಿಜವಾಗಿ, ಸಿಟ್ಟೆಲ್ಲ ಒಳ್ಳೆಯವರ ಮೇಲೆ, ಸಹಾಯ ಮಾಡುವವರ ಮೇಲೆ, ಅವಳ ವಾಕ್ಯವನ್ನು ಅವಳ ಬಾಯಿಂದ ಕಿತ್ತುಕೊಂಡು ತಾವೇ ಮುಗಿಸಿಕೊಡುವ ದಯಾವಂತರ ಮೇಲೆ, ಅಂಗಡಿಯಲ್ಲಿ ಬೆ ಅಂದರೆ ಬೆಲ್ಲ ಕಟ್ಟಿಕೊಡುತ್ತಿದ್ದರು, ಅವಳಿಗೆ ಬೇಕಿದ್ದದ್ದು ಬೆಂಕಿಪೊಟ್ಟಣ, ಬೇಡ ಅನ್ನಲು ಹೋದರೆ ಅದೂ ಬೇ, ಇನ್ನೊಂದು ಅಚ್ಚು ಬೆಲ್ಲ, ಮನೆಯಲ್ಲಿ ಬೆಲ್ಲ ಮುಗಿಯುತ್ತಲೇ ಇರಲಿಲ್ಲ. ಅಮ್ಮನೂ ಹಾಗೇ, ಅಮ್ಮನೇ ಎಲ್ಲರಿಗಿಂತ ಹೆಚ್ಚು, ಪ್ರೀತಿಯಿಂದಲೇ, ಅವಳು ಅ ಅನ್ನುವಷ್ಟರಲ್ಲಿ ಅನ್ನ ಬಡಿಸಿ, ನೀ ಅನ್ನುವಷ್ಟರಲ್ಲಿ ನೀರು ಕೊಟ್ಟು, ನಾನು ವಕೀಲೆ ಆಗ್ತೀನಿ ಅನ್ನುವ ದಿನ ಮಾತ್ರ ಅಮ್ಮನಿಗೆ ಮುಗಿಸಿಕೊಡಲು ಆಗಲಿಲ್ಲ, ವ, ವ, ವ, ಏನೇ, ವಡೆ ಬೇಕಾ? ವಕೀಲೆ, ಅಂದಳು ಕೊನೆಗೆ. ಅಮ್ಮ ಬಟ್ಟೆ ಮಡಚುವುದನ್ನು ನಿಲ್ಲಿಸಿ, ಅದೇನೇ, ಇರೋ ಬರೋ ಕೆಲಸಾನೆಲ್ಲ ಬಿಟ್ಟು ಮಾತಾಡೋ ಕೆಲಸಾನೇ ಹಿಡೀತೀಯಾ, ಅಂತ ಕೇಳಿದಳು, ಆಮೇಲೆ ಇಬ್ಬರೂ ನಕ್ಕು ನಕ್ಕು ಹಾಸಿಗೆ ಮೇಲೆ ಬಿದ್ದದ್ದು, ಮಡಚಿದ ಬಟ್ಟೆಯೆಲ್ಲ ಮತ್ತೆ ಮುದ್ದೆ.

ಪಾಟೀಸವಾಲು? — ಅದು ನ್ಯಾಯಾಧೀಶರ ದನಿ, ಕನ್ನಡಕದ ಮೇಲಿನಿಂದ ನೋಡುತ್ತಿದ್ದಾರೆ, ಹಿರಿಯ ವಕೀಲರತ್ತ, ಹಿರಿಯರು ತಮ್ಮ ಗಂಟಲು ತೋರಿಸಿ, ಅವಳನ್ನು ತೋರಿಸಿ, ಕೈಮುಗಿದರು, ಸರ್ಕಾರಿ ವಕೀಲರ ಮುಖದಲ್ಲಿ ಸಣ್ಣ ನಗೆ, ಇನ್ಸ್‌ಪೆಕ್ಟರ ಭುಜ ಎರಡಂಗುಲ ಸಡಿಲಾಯಿತು, ಹಿರಿಯರ ಗುಡುಗಿಗೆ ಸಿದ್ಧವಾಗಿ ಬಂದಿದ್ದರು ಪಾಪ, ಆ ಗುಡುಗಿಗೆ ಅವರ ಬಳಿ ಹಳೆಯ ಕೊಡೆಯಿದೆ, ಸುಳ್ಳು, ಸರಿಯಲ್ಲ, ನೆನಪಿಲ್ಲ, ಈ ಮೂರೇ ಉತ್ತರದಲ್ಲಿ ಎಷ್ಟು ಮೊಕದ್ದಮೆ ದಾಟಿದ್ದಾರೋ. ಅವಳು ಎದ್ದಳು, ಕುರ್ಚಿ ಕಿರ್ ಅಂದಿತು, ಕುರ್ಚಿಗೂ ಸರಾಗವಾಗಿ ಮಾತು ಬರುತ್ತದೆ. ಹಿಂದಿನ ಬೆಂಚಿನಲ್ಲಿ ಬಣ್ಣದವನ ಹೆಂಡತಿ, ಇಸ್ತ್ರಿ ಗಾಡಿಯಾಕೆ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ, ಅವನು ಒಳಗಿದ್ದಷ್ಟು ದಿನ ದಿನಾ ಆಫೀಸಿನ ಬಾಗಿಲಿಗೆ ಬಂದು, ಏನಾಯ್ತಕ್ಕಾ ಅಂತ ಕೇಳಿ, ಅವಳು ಉತ್ತರ ಹೇಳಿ ಮುಗಿಸುವ ತನಕ ನಿಂತಿದ್ದು ಹೋಗುತ್ತಿದ್ದವಳು, ಒಂದು ದಿನವೂ ನಡುವೆ ಬಾಯಿ ಹಾಕಲಿಲ್ಲ, ಆ ಒಂದಕ್ಕಾದರೂ ಗೆಲ್ಲಬೇಕು. ಕೇಳಬೇಕಾದದ್ದು ಗೋಡೆಯ ಬಗ್ಗೆ, ಗೋಡೆ, ಗ, ಅವಳ ಪರಮ ಶತ್ರು ಗ, ಬೇರೆ ಪದ ಇದ್ದಿದ್ದರೆ, ಕಾಂಪೌಂಡು ಅನ್ನೋಣವೇ, ಅದು ಕ, ಗ-ದ ಅಣ್ಣ. ಬಾಯಿ ತೆರೆದಳು. ಗೋ. ಗೋ. ಗೋ. ಬಂತು ಅದೇ, ಗಂಟಲಿನ ಬಾಗಿಲು ಮುಚ್ಚಿಕೊಂಡಿತು, ಒಳಗೆ ಪ್ರಶ್ನೆ ಪೂರ್ತಿ ಇದೆ, ಅಚ್ಚುಕಟ್ಟಾಗಿ ಉಡುಪು ತೊಟ್ಟು ಹೊಸ್ತಿಲಲ್ಲಿ ನಿಂತಿದೆ, ಬಾಗಿಲು ತೆರೆಯುತ್ತಿಲ್ಲ, ಗೋ, ಬೆರಳಚ್ಚಿನಾಕೆಯ ಬೆರಳು ಗಾಳಿಯಲ್ಲಿ, ಯಾರೋ ಕೆಮ್ಮಿದರು, ಆಗ ಕಟಕಟೆಯಿಂದ ಮೃದುವಾದ, ನಿಜಕ್ಕೂ ಮೃದುವಾದ ದನಿ, ಗೋಡೆನಾ ಮೇಡಂ? ನಿಧಾನಕ್ಕೆ ಕೇಳಿ, ಪರವಾಗಿಲ್ಲ. ಅವಳು ತಲೆಯಾಡಿಸಿದಳು. ಮೈಯೆಲ್ಲ ಉರಿಯಿತು, ಬೆಲ್ಲ ಕಟ್ಟಿಕೊಟ್ಟ ಅಂಗಡಿಯವನ ಅದೇ ದಯೆ, ಅದೇ ಓರೆ ತಲೆ. ಗೋಡೆ, ಅಂದಳು, ಬಂತು, ಗೋಡೆ ಈಗ ಹೇ, ಹೇ. ಹೇಗಿದೆ ಅಂತಾನಾ? ಚೆನ್ನಾಗಿದೆ ಮೇಡಂ, ಬೆಳ್ಳಗೆ ಫಳಫಳ ಅಂತಿದೆ. ಯಾರೋ ಕಿಸಕ್ಕೆಂದರು, ಇನ್ಸ್‌ಪೆಕ್ಟರು ನ್ಯಾಯಾಧೀಶರತ್ತ ತಿರುಗಿ, ನೋಡಿ ಸ್ವಾಮಿ ನಾನು ಎಷ್ಟು ಸಹಕರಿಸುತ್ತಿದ್ದೇನೆ ಅನ್ನುವ ಹಾಗೆ ಮುಗುಳ್ನಕ್ಕರು. ಈಗ ಮುಖ್ಯ ಪ್ರಶ್ನೆ, ಯಾರು ಬಳಿದದ್ದು, ಉತ್ತರವೂ ಗೊತ್ತು, ನೆನಪಿಲ್ಲ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು, ಆದರೂ ಕೇಳಬೇಕು, ಯಾ, ಯಾ, ಯಾ. ಯಾವಾಗ ಬಳಿಸಿದ್ವಿ ಅಂತಾನಾ?

ಅಯ್ಯೋ ಅಲ್ಲ, ಯಾವಾಗ ಅಲ್ಲ, ಯಾರು, ಅವಳು ತಲೆ ಅಲ್ಲಾಡಿಸಲು ಹೊರಟಳು, ಆದರೆ ಸಹಾಯ ಮಾಡುವವರು ಎಂದಾದರೂ ತಲೆ ಅಲ್ಲಾಡಿಸಿದ್ದನ್ನು ನೋಡಿದ್ದುಂಟೇ, ಅವರು ಆಗಲೇ ಹೊರಟಾಗಿದೆ, ಸೋಮವಾರಾನೇ ಮೇಡಂ, ಅವತ್ತೇ ಸಂಜೆ ಒಳಗೆ ಬಳಿಸಿಬಿಟ್ವಿ, ಮಂಗಳವಾರ ಬೆಳಿಗ್ಗೆ ದೊಡ್ಡ ಸಾಹೇಬ್ರು ಬರೋರಿದ್ರಲ್ಲ, ಅದನ್ನ ಹಾಗೇ ಬಿಡೋಕಾಗುತ್ತಾ. ಪಕ್ಕದಲ್ಲಿ ಏನೋ ಕದಲಿತು, ಹಿರಿಯ ವಕೀಲರು ಫ್ಲಾಸ್ಕನ್ನು ಮೇಜಿನ ಮೇಲೆ ಇಟ್ಟರು, ಬಹಳ ಮೆಲ್ಲಗೆ, ಹಕ್ಕಿ ಹಾರಿಹೋಗದಿರಲಿ ಅನ್ನುವ ಹಾಗೆ. ಅವಳಿಗೆ ಕೇಳಬೇಕಿದ್ದದ್ದು ಇನ್ನೂ ಅದೇ ಪ್ರಶ್ನೆ, ಅದೇ ಯಾ, ಎಂಥ ಭಾಷೆಯಪ್ಪ ಇದು, ಯಾರು ಯಾವಾಗ ಯಾಕೆ ಯಾವುದು, ಎಲ್ಲಕ್ಕೂ ಒಂದೇ ಬಾಗಿಲು, ಬೇಕೆಂದು ಉಗ್ಗಲೇ, ಅನ್ನುವ ಒಂದು ಪೋಲಿ ಯೋಚನೆ ಮಿಂಚಿ ಹೋಯಿತು, ಛೆ, ಬೇಕೆಂದು ಉಗ್ಗುವ ಅಗತ್ಯವಾದರೂ ಏನು, ಕೇಳದೆಯೇ ಬರುತ್ತದೆ, ಯಾ, ಯಾ — ಯಾರ ಕೈಲಿ ಬಳಿಸಿದ್ರಿ ಅಂತಾನಾ? ಇನ್ಸ್‌ಪೆಕ್ಟರಿಗೆ ಈಗ ಆಟ ರುಚಿಸಿದೆ, ಪದಬಂಧ ಬಿಡಿಸುವವರ ಹುರುಪು, ಎದೆಯುಬ್ಬಿಸಿ, ಹೆಬ್ಬೆರಳನ್ನು ಆರೋಪಿಯ ಕಟಕಟೆಯತ್ತ ಬೀಸಿ, ಇನ್ಯಾರ ಕೈಲಿ ಮೇಡಂ, ಇವನ ಕೈಲೇ! ಬಳಿಯೋನು ಒಳಗೇ ಇರುವಾಗ ಹೊರಗಿನವರನ್ನ ಯಾಕೆ ಕರೀಬೇಕು ಹೇಳಿ!

ಮೊದಲು ಯಾರಿಗೂ ಏನೂ ಆಗಲಿಲ್ಲ, ಒಂದು ಉಸಿರಿನಷ್ಟು ಹೊತ್ತು ಆ ಮಾತು ಸೀಲಿಂಗಿನ ಕೆಳಗೆ ಸುಮ್ಮನೆ ತೇಲಿತು, ಆಮೇಲೆ ಸರ್ಕಾರಿ ವಕೀಲರ ಪೆನ್ನು ಉರುಳಿ ಬಿತ್ತು, ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು, ಅಷ್ಟರಲ್ಲಿ ಆರೋಪಿಯ ಕಟಕಟೆಯಿಂದ ಬಣ್ಣದವನ ದನಿ, ಎರಡು ಕೋಟು ಹೊಡ್ದೆ ಸ್ವಾಮಿ, ಬೇಕಾದ್ರೆ ಹೋಗಿ ನೋಡಿ, ಒಂದು ಕಡೆ ಸುಣ್ಣ ಬಿಟ್ಟಿದ್ರೆ ನನ್ನ ಕಿವಿ ಹಿಡ್ಕೊಂಡು ಕೇಳಿ. ನೀನು ಸುಮ್ಮನಿರಪ್ಪ, ಅಂದರು ನ್ಯಾಯಾಧೀಶರು, ಮೀಸೆಯ ಕೆಳಗೆ ಏನೋ ಅಲುಗಿತು, ಬೆರಳಚ್ಚಿನಾಕೆಗೆ ಹೇಳಿ ಬರೆಸಿದರು, ಒಂದೊಂದೇ ಪದ, ಸೋಮವಾರ — ಸಂಜೆಯ ಒಳಗೆ — ಆರೋಪಿಯ ಕೈಯಿಂದಲೇ — ಠಾಣೆಯ ಗೋಡೆಯನ್ನು ಬಳಿಸಿದೆವು — ಆಗ ಅವನು ಠಾಣೆಯ ಒಳಗೇ ಇದ್ದನು. ಟಕಟಕ ಟಕಟಕ. ಆಗ ಹೊಳೆಯಿತು ಇನ್ಸ್‌ಪೆಕ್ಟರಿಗೆ. ಅವಳು ನೇರ ಎದುರಿಗೆ ನಿಂತಿದ್ದಳಲ್ಲ, ಪೂರ್ತಿ ಕಂಡಳು, ಬಾಯಿ ತೆರೆಯಿತು, ಅದು, ಅಂದರು, ಅದು, ಅ — ಮುಂದೆ ಬರಲಿಲ್ಲ, ತುಟಿ ಎರಡು ಕಡೆಗೆ ಸರಿದು ಅಲ್ಲೇ ನಿಂತುಬಿಟ್ಟಿತು, ಕೆಳಗಿನ ಸಾಲಿನ ಹಲ್ಲು ಕಾಣುತ್ತಿದೆ, ನಾಲಿಗೆ ಅಂಗುಳಕ್ಕೆ ತಾಗಿ ನಡುಗುತ್ತಿದೆ, ಕಣ್ಣು ಮಾತ್ರ ಒಬ್ಬರಿಂದ ಒಬ್ಬರಿಗೆ ಓಡುತ್ತಿದೆ, ಯಾರಾದರೂ ಮುಗಿಸಿಕೊಡಿ, ಯಾರಾದರೂ. ಆ ಬಾಯಿ ಅವಳಿಗೆ ಗೊತ್ತು. ಒಳಗಿನಿಂದ ಗೊತ್ತು, ಕನ್ನಡಿಯ ಮುಂದೆ ನಿಂತು ತನ್ನ ಹೆಸರು ಹೇಳಲು ಕಲಿಯುತ್ತಿದ್ದಾಗ ಎಷ್ಟು ಸಲ ನೋಡಿಲ್ಲ. ಅವಳ ತುಟಿ ತಾನಾಗಿ ಅಲುಗಿತು, ಅವರ ವಾಕ್ಯ ಅವಳ ನಾಲಿಗೆಯ ತುದಿಗೇ ಬಂದಿತ್ತು, ಅದು ಬಾಯಿತಪ್ಪಿ ಬಂತು ಸ್ವಾಮಿ, ಅಷ್ಟೇ ತಾನೇ ಹೇಳಬೇಕಿರುವುದು, ಹೇಳಿಕೊಟ್ಟುಬಿಡಲೇ — ಇಲ್ಲ, ಕಚ್ಚಿ ಹಿಡಿದಳು, ಇನ್ನೊಬ್ಬರ ವಾಕ್ಯವನ್ನು ಕಿತ್ತುಕೊಳ್ಳಬಾರದು, ಕಾಯಬೇಕು, ಕಾದಳು, ಇಸ್ತ್ರಿಯಾಕೆ ಕಾದ ಹಾಗೆ. ವಾಕ್ಯ ಬರಲೇ ಇಲ್ಲ. ಇನ್ನೇನಾದರೂ ಪ್ರಶ್ನೆ? ಅಂದರು ನ್ಯಾಯಾಧೀಶರು, ಹಿರಿಯರು ಕೆಳಗಿನಿಂದ ಅವಳ ಕೋಟಿನ ಅಂಚು ಹಿಡಿದು ಜಗ್ಗಿದರು, ಸಾಕು ಸಾಕು, ಕೂತ್ಕೋ ಮಾರಾಯ್ತಿ. ಇಷ್ಟೇ ಸ್ವಾಮಿ, ಅಂದಳು, ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿಯಿತು ಮಾತು, ಅವಳೇ ಬೆಚ್ಚಿಬಿದ್ದಳು.

ಮಧ್ಯಾಹ್ನದ ಊಟದ ನಂತರ ತೀರ್ಪು, ಇನ್ನು ಸಾಕ್ಷಿಗಳಿರಲಿಲ್ಲ, ವಾದಿಸಲು ಸರ್ಕಾರಿ ವಕೀಲರ ಬಳಿ ಏನೂ ಉಳಿದಿರಲಿಲ್ಲ, ಅವಳು ಊಟದ ಡಬ್ಬಿಯ ಮುಚ್ಚಳ ತೆರೆದು ಮುಚ್ಚಿ, ಮುಚ್ಚಳ ತೆರೆದಾಗಲೂ ಇನ್ಸ್‌ಪೆಕ್ಟರ ಅದೇ ಬಾಯಿ. ಬುಧವಾರ ಸಿಕ್ಕವನು ಸೋಮವಾರ ನಿಮ್ಮ ಗೋಡೆ ಬಳಿಯಲು ಬಂದದ್ದು ಹೇಗೆ, ಎಂದು ಓದಿದರು ನ್ಯಾಯಾಧೀಶರು, ಸೋಮವಾರವೇ ಹಿಡಿದಿದ್ದರೆ ಮಂಗಳವಾರ ನನ್ನ ಮುಂದೆ ಯಾಕೆ ತರಲಿಲ್ಲ, ನಿಮ್ಮ ವಶದಲ್ಲೇ ಇದ್ದವನು ಬುಧವಾರ ಖುಷಿಯಿಂದ ಮನೆಗೆ ಕರೆದೊಯ್ದು ಡಬ್ಬಿ ತೆಗೆದುಕೊಟ್ಟ ಅನ್ನುವುದನ್ನು ನಾನು ಹೇಗೆ ನಂಬಲಿ, ನಂಬುವುದಿಲ್ಲ, ಆರೋಪಿಯನ್ನು ಖುಲಾಸೆ ಮಾಡಲಾಗಿದೆ, ಆ ಎರಡು ದಿನ ಠಾಣೆಯಲ್ಲಿ ಏನು ನಡೆಯಿತು, ಅವನ ಪಾದಗಳಿಗೆ ಏನಾಯಿತು ಎಂಬ ಬಗ್ಗೆ ಬೇರೆ ಇಲಾಖೆಯವರು ವಿಚಾರಣೆ ಮಾಡಬೇಕು — ಕೊನೆಯ ಮಾತು ಕೇಳಿಸಲಿಲ್ಲ, ಇಸ್ತ್ರಿಯಾಕೆ ಅಯ್ಯಮ್ಮಾ ಅಂತ ಜೋರಾಗಿ ಅಂದುಬಿಟ್ಟಿದ್ದಳು, ಆಮೇಲೆ ಬಾಯಿ ಮುಚ್ಚಿಕೊಂಡು ಅತ್ತಳು, ನಕ್ಕಳು, ಬಣ್ಣದವನು ಮಾತ್ರ ಕಟಕಟೆಯಿಂದ ಇಳಿಯಲು ಮರೆತು, ಇಳೀಲಾ ಸ್ವಾಮಿ, ಅಂತ ಕೇಳಿ, ಇಳಿಯಪ್ಪಾ, ಅನ್ನಿಸಿಕೊಂಡು ಇಳಿದ. ವರಾಂಡದಲ್ಲಿ ಹಿರಿಯರು ಅವಳ ಎರಡೂ ಭುಜ ಹಿಡಿದು ಅಲುಗಿಸಿ ಏನೇನೋ ಹೇಳಿದರು, ಉಸ್ ಉಸ್ ಉಸ್, ಒಂದೂ ಅರ್ಥವಾಗಲಿಲ್ಲ, ಬಹಳ ಒಳ್ಳೆಯ ಮಾತುಗಳಿರಬೇಕು, ಕಣ್ಣಲ್ಲಿ ನೀರಿತ್ತು, ನಾನು ಇಷ್ಟು ವರ್ಷ ಕಿರುಚಿದ್ದೆಲ್ಲ ದಂಡ ಮಗೂ, ಅನ್ನುವುದೊಂದು ಮಾತ್ರ ಕೇಳಿಸಿತು. ಬಣ್ಣದವನು ಗಂಭೀರವಾಗಿ ಬಂದು ನಿಂತ, ಅಮ್ಮಾ, ನಿಮ್ಮ ಮನೆ ಗೋಡೆ ಯಾವ ಬಣ್ಣ? ಹ, ಹ, ಅಂದಳು, ಅವನು ಕಾದ, ಹೆಂಡತಿಯ ಹಾಗೇ ಕಾದ, ಹಸಿರು. ಅಯ್ಯೋ, ಅದನ್ನ ಮೊದ್ಲು ಬದಲಾಯಿಸಬೇಕು, ಕಣ್ಣಿಗೆ ಒಳ್ಳೇದಲ್ಲ, ಭಾನುವಾರ ಬರ್ತೀನಿ, ಬೇಡ ಅನ್ನಬೇಡಿ. ಬೇ, ಅಂದಳು ಅವಳು. ಅನ್ನೋಕೂ ಆಗಲ್ಲ ನೋಡಿ ನಿಮಗೆ, ಅಂದು ಅವನೇ ಜೋರಾಗಿ ನಕ್ಕ, ಅವಳೂ ನಕ್ಕಳು, ಉಗ್ಗಿಗೆ ನಕ್ಕವರ ಜೊತೆ ಅವಳು ಹೊಟ್ಟೆ ಹಿಡಿದು ನಕ್ಕದ್ದು ಅದೇ ಮೊದಲು.

ನೀರಿನ ನಲ್ಲಿಯ ಹತ್ತಿರ ಇನ್ಸ್‌ಪೆಕ್ಟರು ಒಬ್ಬರೇ, ಟೋಪಿ ಕಟ್ಟೆಯ ಮೇಲಿಟ್ಟು ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದರು, ಅವಳಿಗೆ ಬೇರೆ ದಾರಿಯಿರಲಿಲ್ಲ, ಪಕ್ಕದಿಂದಲೇ ಹಾಯಬೇಕು, ತಲೆಯೆತ್ತಿದರು, ಮೇಡಂ, ಒಂದು ಮಾತು. ನಿಂತಳು. ಕೋಪ ಮಾಡ್ಕೋಬೇಡಿ, ಆ ನಿಮ್ಮ — ಅದು — ಬೇಕಂತಲೇ ಮಾಡಿದ್ರಾ? ಮುಖದಲ್ಲಿ ನೀರು ಇಳಿಯುತ್ತಿದೆ, ಹತ್ತಿರದಿಂದ ನೋಡಿದರೆ ಅವಳ ಚಿಕ್ಕಪ್ಪನ ವಯಸ್ಸು, ಹೆದರಿಕೆ ಹುಟ್ಟಿಸುವ ಮುಖವೇ ಅಲ್ಲ, ಆದರೆ ಇದೇ ಕೈ ಅಂಗಾಲಿಗೆ ಹೊಡೆದದ್ದು, ಹೊಡೆಸಿದ್ದು, ಇದೇ ಸಭ್ಯ ದನಿಯಲ್ಲಿ ಒಪ್ಪಿಕೋ ಅಂದದ್ದು, ಎರಡೂ ಒಟ್ಟಿಗೇ ಇರುತ್ತವಲ್ಲ ಮನುಷ್ಯರಲ್ಲಿ, ಇ, ಇ, ಅಂದಳು ಅವಳು, ಇಲ್ಲ ಅಂತಾ — ಅನ್ನಲು ಹೊರಟ ಇನ್ಸ್‌ಪೆಕ್ಟರು ಹಾವು ತುಳಿದವರ ಹಾಗೆ ಬೆಚ್ಚಿ, ಅಂಗೈಯಿಂದ ತಮ್ಮ ಬಾಯಿ ತಾವೇ ಮುಚ್ಚಿಕೊಂಡರು. ಒದ್ದೆ ಕೈ, ಬೆರಳ ಸಂದಿಯಿಂದ ನೀರು. ಕಾದರು. ಇದು ನನ್ನ ಮಾತೇ ಸರ್, ಅಂದಳು, ನಾನು ಮಾ, ಮಾತಾಡೋದೇ ಹೀಗೆ. ಅವರು ಕೈ ತೆಗೆದರು, ಬಾಯಿ ಇನ್ನೂ ತೆರೆದೇ ಇತ್ತು, ಮೆಟ್ಟಿಲಿಳಿಯುವಾಗ ಅವಳಿಗೆ ಅದು ಮತ್ತೆ ಕಂಡಿತು, ಆ ಕೈ ತೆಗೆದಾಗಿನ ಬಾಯಿ, ತೆರೆದು ನಿಂತದ್ದು, ಗೆದ್ದೆ ಗೆದ್ದೆ ಅಂತ ಕಾಲು ಕುಣಿಯಲು ಹೊರಟಾಗೆಲ್ಲ ಅಡ್ಡ ಬರುತ್ತದೆ ಅದು, ರಸ್ತೆ ದಾಟುವಾಗ, ಹಣ್ಣಿನ ಗಾಡಿಯ ಹತ್ತಿರ, ಅಯ್ಯೋ ಅನ್ನಿಸುವುದಿಲ್ಲ, ಸೈ ಅನ್ನಿಸುತ್ತದೆ, ಒಂದು ಸಲ ಒಂದೇ ಒಂದು ಸಲ ಅವರಿಗೂ ಗೊತ್ತಾಯಿತಲ್ಲ, ಕಟಕಟೆಯಲ್ಲಿ ನಿಂತು ಮಾತು ಬಾರದವರ ಗಂಟಲು ಹೇಗಿರುತ್ತದೆ ಅಂತ, ಆದರೂ ಒಂದು ಚೂರು ಅಯ್ಯೋ ಅನ್ನಿಸುತ್ತದೆ, ಇರಲಿ, ಎರಡೂ ಇರಲಿ, ಇವತ್ತು ಎಲ್ಲಕ್ಕೂ ಜಾಗವಿದೆ ಎದೆಯಲ್ಲಿ.

ಬಸ್ ನಿಲ್ದಾಣ, ಸಂಜೆಯ ಜನ, ಡೀಸೆಲ್ ವಾಸನೆ, ಬಿಸಿಲು ಓರೆಯಾಗಿ ಬಿದ್ದು ಎಲ್ಲರ ಮುಖವೂ ತಾಮ್ರದ ಬಣ್ಣ, ಪ್ರಯಾಣಿಕರ ಗಮನಕ್ಕೆ, ತಲೆಯ ಮೇಲೆ ಅಮ್ಮ, ಕಂಬಕಂಬದಲ್ಲೂ ಅಮ್ಮ, ಮೂರನೆಯ ಅಂಕಣದಲ್ಲಿ ನಿಂತಿರುವ ಬಸ್ಸು ಇನ್ನು ಸ್ವಲ್ಪ ಹೊತ್ತಿನಲ್ಲಿ — ಅವಳು ಜನರ ನಡುವೆ ನುಸುಳಿ ಗಾಜಿನ ಗೂಡಿನ ಎದುರಿಗೆ ಬಂದಳು, ಕರಿಕೋಟು ಕೈಯಲ್ಲಿ, ಕೂದಲು ಕೆದರಿ, ಅಮ್ಮ ಕಂಡಳು, ಅಮ್ಮನ ದನಿ ನಿಂತಿತು, ಇಷ್ಟು ವರ್ಷದಲ್ಲಿ ಬಸ್ಸಿನ ಹೆಸರಿನ ನಡುವೆ ಒಮ್ಮೆಯೂ ನಿಲ್ಲದ ದನಿ, ಜನ ತಲೆಯೆತ್ತಿ ಸ್ಪೀಕರನ್ನು ನೋಡಿದರು, ಆಮೇಲೆ ಇಡೀ ನಿಲ್ದಾಣಕ್ಕೆ, ಎಲ್ಲ ಅಂಕಣಗಳಿಗೆ, ಶೌಚಾಲಯದ ಮೂಲೆಯ ತನಕ, ಅದೇ ಸ್ಫುಟವಾದ ಸ್ವರದಲ್ಲಿ ಕೇಳಿಸಿತು, ಏನಾಯ್ತೇ? ಅಯ್ಯೋ ಅಮ್ಮಾ ಮೈಕು, ಮೈಕು ಆರಿಸು, ಅಮ್ಮನಿಗೆ ಮೈಕಿನ ಪರಿವೆಯೇ ಇಲ್ಲ, ಗಾಜಿಗೆ ಮೂಗು ತಾಗಿಸಿ ನಿಂತಿದ್ದಾಳೆ, ಜನ ಈಗ ಗೂಡನ್ನು ನೋಡಿ, ಗೂಡಿನ ಎದುರಿನ ಅವಳನ್ನು ನೋಡಿ, ಒಂದು ಮುದುಕಿ ಕೈಚೀಲ ಕೆಳಗಿಟ್ಟೇಬಿಟ್ಟಳು, ಕಂಡಕ್ಟರನೊಬ್ಬ ಸೀಟಿ ತುಟಿಯಲ್ಲಿಟ್ಟುಕೊಂಡು ಊದಲು ಮರೆತಿದ್ದಾನೆ, ಏನಾಯ್ತು ಏನಾಯ್ತು, ಯಾರಿಗೂ ಗೊತ್ತಿಲ್ಲ, ಹೇಳಬೇಕಾದ್ದು ಒಂದೇ ಪದ, ಗೆದ್ದೆ, ಗ, ಮತ್ತೆ ಗ-ನೇ ಬರಬೇಕೇ, ಅವಳು ಬಾಯಿ ತೆರೆದಳು, ಗೆ, ಗೆ, ಗಂಟಲಿನ ಬಾಗಿಲು ಮುಚ್ಚಿತು, ಎದೆಯೊಳಗೆ ಆ ಪದ ಕುಣಿಯುತ್ತಿದೆ, ಯಾರೂ ಮುಗಿಸಿಕೊಡುತ್ತಿಲ್ಲ, ಮುಗಿಸಲು ಯಾರಿಗೂ ತಿಳಿಯದು, ಇಷ್ಟು ಜನರ ನಡುವೆ ಇದು ಅವಳೊಬ್ಬಳ ಬಳಿ ಮಾತ್ರ ಇರುವ ಪದ, ಅವಸರವೇನಿಲ್ಲ, ಬಸ್ಸು ಕಾಯಲಿ, ಎಷ್ಟು ಚೆನ್ನಾಗಿದೆ ಈ ನಿಲ್ಲುವುದು, ಗೆ, ಅಮ್ಮ ಮುಗಿಸಿಕೊಡಲು ತುಟಿ ತೆರೆದಳು, ತೆರೆದವಳು ಹಾಗೇ ನಿಂತಳು, ಗಾಜಿನ ಮೇಲೆ ಉಸಿರಿನ ಸಣ್ಣ ಮಂಜು, ಮಂಜಿನ ನಡುವೆ, ಅಮ್ಮನ ಮುಖದಲ್ಲಿ, ಇನ್ಸ್‌ಪೆಕ್ಟರ ಆ ಬಾಯಿ, ಕೆಳಗಿನ ಸಾಲಿನ ಹಲ್ಲು, ಅಂಗುಳಕ್ಕೆ ತಾಗಿ ನಡುಗುವ ನಾಲಿಗೆ, ಒಂದು ಶಬ್ದವೂ ಇಲ್ಲದೆ, ತೆರೆದೇ ಇರುವ ಬಾಯಿ —